ಝುಂಬ ಕೆಟ್ಟವನಾದ ಅರ್ಧ ತಾಸು

ಕುಕನೂರಿನಲ್ಲಿ ನಮ್ಮ ಮನೆತನದ ಹೆಸರು ಕೇಳದವರಿಲ್ಲ. ಮುತ್ತಜ್ಜ ಹತ್ತಿ, ಕಡಲೆಯ ವ್ಯಾಪಾರ ಮಾಡಿದವರು. ಅವರ ತಕ್ಕಡಿಯನ್ನು ಯಾರೂ ಅನುಮಾನದಿಂದ ನೋಡುತ್ತಿರಲಿಲ್ಲ. ನಿಜಾಮರ ಕಾಲದ ತಹಶೀಲ್ದಾರರು ನಮ್ಮ ಮನೆಯ ಮುಂದೆ ಬಂದಾಗ ಕುದುರೆಯಿಂದ ಇಳಿದು ನಡೆದೇ ಹೋಗುತ್ತಿದ್ದರಂತೆ. ಆ ಓಣಿಯಲ್ಲಿ ಕಲ್ಲು ಬಹಳ ಇದ್ದವು, ಅದಕ್ಕೇ ಇಳಿಯುತ್ತಿದ್ದರು ಎನ್ನುವವರೂ ಇದ್ದಾರೆ. ಅವರು ನಮ್ಮ ಬೀಗರು. ಅಜ್ಜ ಮನೆಯ ಕಟ್ಟೆಯ ಮೇಲೆ ಕುಳಿತು ಊರಿನ ಜಗಳ ಬಗೆಹರಿಸುತ್ತಿದ್ದರು. ದಂಡ ಇಲ್ಲ, ಬೈಗುಳ ಇಲ್ಲ. ತಪ್ಪು ಮಾಡಿದವರು ಎಲ್ಲರಿಗೂ ಕೇಳುವಂತೆ "ತಪ್ಪಾತು" ಅನ್ನಬೇಕು. ಅನ್ನುವವರೆಗೆ ಯಾರೂ ಕಟ್ಟೆ ಇಳಿಯುವಂತಿಲ್ಲ. ಒಮ್ಮೆ ನಮ್ಮ ಸ್ವಂತ ದೊಡ್ಡಪ್ಪನೇ ಊಟದ ಹೊತ್ತು ಮೀರುವವರೆಗೆ ಕಟ್ಟೆಯ ಮೇಲೆ ಕುಳಿತಿದ್ದರು.

ನನ್ನನ್ನು ತಂದೆಯವರು ಬಳ್ಳಾರಿಯ ಒಂದು ಕಾನ್ವೆಂಟಿಗೆ ಸೇರಿಸಿದರು. ಬೆನ್ನು ನೆಟ್ಟಗಿಡುವುದು, ಬಾಳೆಹಣ್ಣನ್ನು ಫೋರ್ಕಿನಿಂದ ತಿನ್ನುವುದು, ಹಲ್ಲು ಕಾಣದಂತೆ ನಗುವುದು, ಇವೆಲ್ಲ ಅಲ್ಲಿ ಕಲಿತದ್ದು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಅದೇ ವರ್ಷ ನಾನು ಭಾಗ್ಯನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೇಟ್ರನ್ ಆಗಿ ಬಂದೆ. ಮೇಟ್ರನ್ ಎಂದೇ ಕರೆಯಬೇಕು ಎಂದು ಮೊದಲ ದಿನವೇ ಹೇಳಿದೆ. "ಹೂನ್ರಿ ಮೇಟ್ರನಕ್ಕಾರ" ಎಂದರು ಹುಡುಗಿಯರು. ಅಂದಿನಿಂದ ಇಂಥದ್ದು ಒಂದಿಲ್ಲೊಂದು ಆಗುತ್ತಲೇ ಬಂದಿದೆ, ಹಲ್ಲು ಕಾಣದಂತೆ ನಗುವುದು ನನಗೆ ಕಷ್ಟವಾಗುತ್ತಲೇ ಬಂದಿದೆ.

1. ಜಿಲ್ಲೆಯ ಸಮಾಚಾರ

ನಮ್ಮ ಹಾಸ್ಟೆಲಿನಲ್ಲಿ ಒಂದೇ ಹೆಸರಿನ ಹುಡುಗಿಯರು ಬಹಳ. ಅದಕ್ಕಾಗಿ ಊರಿನ ಹೆಸರಿನಿಂದ ಕರೆಯುವ ಪದ್ಧತಿ ಇಟ್ಟೆ. ಯಲಬುರ್ಗಾ, ಗಂಗಾವತಿ, ಕುಷ್ಟಗಿ, ಹನುಮಸಾಗರ. ಅಚ್ಚುಕಟ್ಟಾದ ಪದ್ಧತಿ, ಯಾರಿಗೂ ಗೊಂದಲವಿಲ್ಲ.

ಇವರಲ್ಲಿ ಕುಷ್ಟಗಿ ಎಂದರೆ ಬಟ್ಟೆ ಅಂಗಡಿಯವರ ಮಗಳು. ತೆಳ್ಳಗೆ, ಬೆಳ್ಳಗೆ, ವಾರಕ್ಕೊಮ್ಮೆ ಜ್ವರ. ಹನುಮಸಾಗರ ಎಂದರೆ ಒಕ್ಕಲು ಮನೆಯ ಹುಡುಗಿ. ಗಟ್ಟಿ ಮೈ, ಗಟ್ಟಿ ದನಿ. ಐದನೆಯ ತರಗತಿಯಲ್ಲಿ ಇಬ್ಬರೂ ಒಂದೇ ದಿನ ಟ್ರಂಕು ತಂದು ಇಳಿಸಿದರು. ಎರಡೂ ಟ್ರಂಕುಗಳನ್ನು ಒಳಗೆ ಹೊತ್ತುಕೊಂಡು ಹೋದವಳು ಹನುಮಸಾಗರ. ಅಂದಿನಿಂದ ಕುಷ್ಟಗಿಯ ನೀರಿನ ಕೊಡ, ಕುಷ್ಟಗಿಯ ಹಾಸಿಗೆ, ಜ್ವರ ಬಂದಾಗ ಸ್ವತಃ ಕುಷ್ಟಗಿ, ಎಲ್ಲವನ್ನೂ ಅವಳೇ ಹೊರುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಹಾಸ್ಟೆಲ್ ಸಮಿತಿಗೆ ಹೊಸದಾಗಿ ಬಂದ ಕಾರ್ಯದರ್ಶಿಗಳು ಹೇಳದೆ ಕೇಳದೆ ತಪಾಸಣೆಗೆ ಬಂದರು. ನಾನು ಪ್ರಾರ್ಥನೆಯಲ್ಲಿದ್ದೆ. ಬಾಗಿಲಲ್ಲಿ ಸಿಕ್ಕವಳು ಅಡುಗೆಯಾಕೆ. ಅವಳನ್ನು ಎಲ್ಲರೂ ಆಯಿ ಎನ್ನುತ್ತೇವೆ.

"ಎಲ್ಲಾ ಹೆಂಗೈತ್ರಿ ಆಯಿ?" ಎಂದು ಇವರು ಕೇಳಿದ್ದಾರೆ.

"ಏನ್ ಹೇಳ್ಲ್ರೀ ಸಾಹೇಬ್ರ. ಯಲಬುರ್ಗಾಕ್ಕ ರಾತ್ರಿಯಿಂದ ಹೊಟ್ಟಿ ಕೆಟ್ಟೈತಿ. ಗಂಗಾವತಿ ಒಂದ ಸವನ ಅಳಾಕತ್ತೈತಿ. ಕುಷ್ಟಗಿ ನೋಡ್ರಿ, ಹನುಮಸಾಗರದ ಮ್ಯಾಲ ಕಾಲ ಹಾಕಿ ಇನ್ನೂ ಮಲಗೈತಿ."

ಕಾರ್ಯದರ್ಶಿಗಳು ನನ್ನ ಕೋಣೆಗೆ ಬಂದು ಕುಳಿತು ಕೇಳಿದ ಮೊದಲ ಪ್ರಶ್ನೆ: "ಜಿಲ್ಲಾದಾಗ ಇಷ್ಟೆಲ್ಲಾ ಆಗೈತಿ, ಇವತ್ತಿನ ಪೇಪರಿನ್ಯಾಗ ಒಂದೂ ಇಲ್ಲಲ್ರೀ?"

2. ಜಡೆಯ ಸಾಲು

ಭಾನುವಾರ ಎಲ್ಲರ ತಲೆಸ್ನಾನ. ಕೂದಲು ಒಣಗಿದ ಮೇಲೆ ಜಡೆಯ ಸಾಲು. ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕೂರಬೇಕು, ಪ್ರತಿಯೊಬ್ಬಳೂ ತನ್ನ ಮುಂದಿನವಳ ಜಡೆ ಹೆಣೆಯಬೇಕು. ಎಲ್ಲರ ಮುಂದಿರುವವಳು ತನ್ನದು ಮುಗಿದೊಡನೆ ಎದ್ದು ಬಂದು ಕೊನೆಯವಳ ಹಿಂದೆ ಕೂರಬೇಕು. ಇದು ನಾನೇ ಮಾಡಿದ ವ್ಯವಸ್ಥೆ. ಬೈತಲೆ ಮಾತ್ರ ಹಗ್ಗ ಹಿಡಿದಂತೆ ನೆಟ್ಟಗಿರಬೇಕು. ಆದರೆ ಈ ಹುಡುಗಿಯರು ತಲೆ ಅಲುಗಾಡಿಸದೆ ಕೂರುವವರಲ್ಲ. ಕಾಗೆ ಕೂಗಿದರೂ ತಿರುಗಿ ನೋಡುವವರು.

ಹಾಸ್ಟೆಲಿಗೆ ಟಿವಿ ಬಂದ ಮೇಲೆ ಆ ಹೊತ್ತಿಗೆ ಒಂದು ಕಾರ್ಟೂನ್ ಧಾರಾವಾಹಿ ಬರತೊಡಗಿತು. ಮೋಡದ ಮೇಲೆ ಒಂದು ರಾಜ್ಯ. ಅದನ್ನು ಕಳೆದುಕೊಂಡ ಮೇಘಾಲಿ ಎಂಬ ರಾಜಕುಮಾರಿ. ಅವಳ ಜೊತೆ ಝುಂಬ ಎಂಬ ಗೆಳೆಯ. ಅರ್ಧ ಮನುಷ್ಯ, ಅರ್ಧ ಟಗರು, ಸುರುಳಿ ಸುತ್ತಿದ ಎರಡು ಕೊಂಬು. ಅವಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ, ಹೊಳೆ, ರಾಕ್ಷಸರ ಕೋಟೆ ದಾಟಿಸುವುದೇ ಅವನ ಕೆಲಸ. ನನಗೆ ಇಂಥವುಗಳಲ್ಲಿ ಆಸಕ್ತಿ ಇಲ್ಲ. ಆದರೆ ಟಿವಿಯನ್ನು ಸಾಲಿನ ಮುಂದೆ ಇಟ್ಟರೆ ಎಲ್ಲ ತಲೆಗಳೂ ಒಂದೇ ದಿಕ್ಕಿಗೆ ಅಲುಗಾಡದೆ ನಿಲ್ಲುತ್ತವೆ ಎಂಬುದನ್ನು ಗಮನಿಸಿದೆ. ಅನುಮತಿ ಕೊಟ್ಟದ್ದು ಬೈತಲೆಗಾಗಿ, ಝುಂಬನಿಗಾಗಿ ಅಲ್ಲ.

ಆಯಿ ಅವನನ್ನು ಟಗರಪ್ಪ ಎನ್ನುತ್ತಿದ್ದಳು. ಅವನು ಬಂದೊಡನೆ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕುಷ್ಟಗಿಯ ಹಿಂದೆ ಯಾವಾಗಲೂ ಹನುಮಸಾಗರವೇ ಕೂರುತ್ತಿದ್ದಳು. ಝುಂಬ ಬೆಂಕಿಯ ಹೊಳೆ ದಾಟುವ ಭಾನುವಾರ, ಅವನು ಕಾಲು ಜಾರಿದ ಕ್ಷಣ, ಇಡೀ ಸಾಲು ಕೈಯಲ್ಲಿದ್ದ ಜಡೆಯನ್ನು ಒಟ್ಟಿಗೆ ಜಗ್ಗಿತು. ಎಲ್ಲರ ತಲೆಯೂ ಒಟ್ಟಿಗೆ ಹಿಂದಕ್ಕೆ ಹೋಯಿತು, ಒಟ್ಟಿಗೆ "ಯಪ್ಪಾ!" ಎಂದು ಕೂಗು ಎದ್ದಿತು. ಪಕ್ಕದ ಮಗ್ಗದ ಮನೆಯವರು ಓಡಿ ಬಂದು ಕೇಳಿದರು, "ಯಾರಿಗೆ ಏನಾತ್ರಿ?"

ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಮಾಧಾನ ಹೇಳಿದಳು: "ಯಾರಿಗೂ ಏನಾಗಿಲ್ಲಪಾ. ದಾಟಿದ."

3. ಯಾವ ಫೀಡರ್?

ಮರುವಾರ ಧಾರಾವಾಹಿಯ ಹಾಡು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಅರ್ಧ ತಾಸಿನ ಧಾರಾವಾಹಿ. ಕರೆಂಟು ಬಂದಾಗ ಕೊನೆಯ ದೃಶ್ಯ. ಝುಂಬ ಒಂದು ಕಪ್ಪು ಸಿಂಹಾಸನದ ಮೇಲೆ ಕುಳಿತಿದ್ದಾನೆ. ಕಣ್ಣು ಕೆಂಪು, ಕೊಂಬು ಕಪ್ಪು. "ಇನ್ನು ನಾನು ನಿನ್ನ ಗೆಳೆಯನಲ್ಲ, ಮೇಘಾಲಿ! ನಿನ್ನ ರಾಜ್ಯವನ್ನು ಸುಟ್ಟು ಹಾಕುತ್ತೇನೆ!" ಎಂದ. ಅಲ್ಲಿಗೆ ಮುಗಿಯಿತು.

ಜಡೆಯ ಸಾಲಿನಲ್ಲಿ ಎದ್ದ ಗದ್ದಲವನ್ನು ನಾನು ವರ್ಣಿಸುವುದಿಲ್ಲ.

"ಯಾರೋ ಮಾಟ ಮಾಡಿಸ್ಯಾರ," ಎಂದಳು ಯಲಬುರ್ಗಾ.

"ಅಮ್ಮೋ, ಮಾಟ ಅಲ್ಲ, ಆಸ್ತಿ ಜಗಳ," ಎಂದಳು ಗಂಗಾವತಿ. "ನಮ್ಮ ಕಾಕಾನ ಕಣ್ಣೂ ಹಿಂಗ ಆಗಿದ್ದವು."

"ಊಟಕ್ಕ ಕರದಿರಂಗಿಲ್ಲ ಅವನ್ನ," ಎಂದಳು ಆಯಿ. ಅವಳ ಪ್ರಕಾರ ಜಗತ್ತಿನ ಎಲ್ಲ ಯುದ್ಧಗಳೂ ಯಾರನ್ನೋ ಊಟಕ್ಕೆ ಕರೆಯದೇ ಇದ್ದದ್ದರಿಂದಲೇ ಆದವು.

ನಾಲ್ಕು ದಿನ ಇದೇ ಮಾತು. ಓದು ನಿಂತಿತು. ಗಂಗಾವತಿ ಎರಡು ರೊಟ್ಟಿಗೆ ಇಳಿದಳು. ಅದು ಅವಳ ಮಟ್ಟಿಗೆ ಉಪವಾಸ. ಶಿಸ್ತಿನ ಪ್ರಶ್ನೆಯಾದ್ದರಿಂದ ನಾನು ವಿದ್ಯುತ್ ಕಚೇರಿಗೆ ಫೋನು ಮಾಡಿದೆ.

"ನೋಡಿ, ಭಾನುವಾರ ನೀವು ಅರ್ಧ ತಾಸು ಕರೆಂಟು ತೆಗೆದಿರಿ. ಅದರಿಂದಾಗಿ ಝುಂಬ ಏಕೆ ಕೆಟ್ಟವನಾದ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿಲ್ಲ. ಇಷ್ಟು ದಿನ ಸರಿಯಾಗಿದ್ದ. ಈಗ ಕಣ್ಣು ಕೆಂಪಗಾಗಿದೆ, ಎಲ್ಲವನ್ನೂ ಸುಡುತ್ತೇನೆ ಎನ್ನುತ್ತಿದ್ದಾನೆ."

ಆ ಕಡೆಯಿಂದ ಬಹಳ ವಿನಯದ ದನಿ: "ಸುಡಾಕ ಬಿಡಬ್ಯಾಡ್ರಿ ಮೇಡಂ, ಲೈನ್‌ಮನ್ ಕಳಸ್ತೀನಿ. ಅಂವ ಯಾವ ಫೀಡರ್ ಲೈನಿಗೆ ಬರ್ತಾನ್ರಿ?"

4. ಮಂಚ ಎದ್ದು ಬಂದದ್ದು

ಅದೇ ವಾರದ ಕೊನೆಗೆ, ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಕುಷ್ಟಗಿ ಎದ್ದಳು. ಅವಳ ಜೊತೆ ಮಂಚವೂ ಎದ್ದಿತು. ಯಾರೋ ಅವಳ ಎರಡೂ ಜಡೆಗಳನ್ನು ಮಂಚದ ಕಬ್ಬಿಣದ ಸರಳಿಗೆ ಸೇರಿಸಿ ಹೆಣೆದುಬಿಟ್ಟಿದ್ದರು. ಹೆಣಿಕೆ ಎಷ್ಟು ಬಿಗಿಯಾಗಿತ್ತು, ಎಷ್ಟು ಒಪ್ಪವಾಗಿತ್ತು ಎಂದರೆ ಹಾಸ್ಟೆಲಿನಲ್ಲಿ ಅಂಥ ಕೈ ಒಂದೇ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹನುಮಸಾಗರ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಕಣ್ಣು ಕೆಂಪಗಿದ್ದವು.

"ಝುಂಬ!" ಎಂದಳು ಗಂಗಾವತಿ. ಆ ಹೆಸರು ಅವಳಿಗೇ ಅಂಟಿತು.

ನಾನು ಇಬ್ಬರನ್ನೂ ಕೋಣೆಗೆ ಕರೆಸಿದೆ. "ಯಾಕೆ ಮಾಡಿದೆ?" "ಏನಿಲ್ರಿ." "ಇವಳು ನಿನಗೆ ಏನು ಮಾಡಿದಳು?" "ಏನಿಲ್ರಿ." ಕುಷ್ಟಗಿಯನ್ನು ಕೇಳಿದೆ. ಅವಳು ನೆಲ ನೋಡುತ್ತ, "ಅಕೀಗೇ ಗೊತ್ತ್ರಿ," ಎಂದಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಬಹಳ ಕಲಿಸಿದ್ದಾರೆ; ಬಾಯಿ ಮುಚ್ಚಿದ ಇಬ್ಬರು ಹುಡುಗಿಯರ ಬಾಯಿ ಬಿಡಿಸುವುದನ್ನು ಕಲಿಸಿರಲಿಲ್ಲ.

ಅಂದಿನ ಜಡೆಯ ಸಾಲಿನಲ್ಲಿ ಹನುಮಸಾಗರದ ಮುಂದೆ ಯಾರೂ ಕೂರಲಿಲ್ಲ, ಹಿಂದೆಯೂ ಯಾರೂ ಕೂರಲಿಲ್ಲ. "ಮಂಚಕ್ಕ ಕಟ್ಟಿದಾಕಿ, ನನ್ನನ್ನ ಟಿವಿಗೆ ಕಟ್ಟಿದ್ರ?" ಎಂದಳು ಯಲಬುರ್ಗಾ. ಹನುಮಸಾಗರ ಹಿತ್ತಲಿಗೆ ಹೋಗಿ ತನ್ನ ಜಡೆ ತಾನೇ ಹಾಕಿಕೊಂಡು ಬಂದಳು. ಬೈತಲೆ ಹಳ್ಳದ ಹಾಗೆ ಸೊಟ್ಟ ಹರಿದಿತ್ತು. ಸೊಟ್ಟ ಬೈತಲೆಯನ್ನು ಕಂಡೂ ನಾನು ಸುಮ್ಮನಿದ್ದದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಎರಡು ದಿನದಲ್ಲಿ ಅವಳ ತಂದೆಯ ಫೋನು ಬಂತು. "ಅಕ್ಕಾರ, ಹುಡುಗಿ ಸಾಲಿ ಸಾಕು ಅಂತಾಳ್ರಿ. ಮುಂದಿನ ಐತಾರ ಬಂದು ಕರಕೊಂಡ ಹೋಗ್ತೀನ್ರಿ."

"ಒಂಬತ್ತನೆಯ ತರಗತಿ. ಪರೀಕ್ಷೆಗೆ ಎಷ್ಟು ದಿನ ಉಳಿದಿದೆ? ಕಾರಣ ಏನಂತೆ?"

"ಹೇಳವಲ್ಲಳ್ರಿ. 'ಅಪ್ಪಾ, ಇಲ್ಲಿ ನಾ ಕೆಟ್ಟಾಕಿ ಆಗೀನಿ' ಅಂದ್ಲು. ಅಷ್ಟ."

ಈ ಮಾತು ಕೇಳಿ ಆಯಿ ಒಲೆಯ ಮುಂದೆ ಕುಳಿತುಬಿಟ್ಟಳು. "ಒಮ್ಮಿ ಹೊಲಕ್ಕ ಹೋದ ಹುಡುಗಿ ತಿರುಗಿ ಸಾಲಿಗೆ ಬಂದದ್ದನ್ನ ನಾ ನೋಡಿಲ್ಲ," ಎಂದಳು. ನಾನೂ ನೋಡಿರಲಿಲ್ಲ. ಅಂದಿನ ಸಾರಿಗೆ ಅವಳು ಉಪ್ಪನ್ನು ಎರಡು ಸಲ ಹಾಕಿದಳು. ಎಲ್ಲರೂ ನೀರು ಕುಡಿಯುತ್ತ ಕುಡಿಯುತ್ತ ತಿಂದರು. ಕೊನೆಗೆ ಗಂಗಾವತಿ ತಡೆಯಲಾರದೆ ಹೇಳಿದಳು: "ಆಯಿ, ದುಃಖ ಆಗೈತಿ ಖರೆ. ಆದ್ರ ಸಾರಿನ್ಯಾಗ ಯಾಕ ಅಳ್ತಿ?"

5. ಗ್ಯಾದರಿಂಗ್

ಆ ಭಾನುವಾರವೇ ಹಾಸ್ಟೆಲಿನ ವಾರ್ಷಿಕೋತ್ಸವ, ನಮ್ಮ ಕಡೆಯವರ ಗ್ಯಾದರಿಂಗ್, ಇತ್ತು. ಹುಡುಗಿಯರು ನಾಟಕ ಆಡುತ್ತೇವೆಂದು ಅನುಮತಿ ಕೇಳಿದರು. ನಾಟಕದ ಹೆಸರು, "ಕರೆಂಟು ಹೋದಾಗ ಏನಾತು?" ತಪ್ಪಿಹೋದ ಆ ಅರ್ಧ ತಾಸನ್ನು ತಾವೇ ಆಡಿ ತೋರಿಸುತ್ತಾರಂತೆ. ಮೇಘಾಲಿಯ ಪಾತ್ರ ಕುಷ್ಟಗಿಗೆ. ಗಂಗಾವತಿ ಪೊರಕೆ ಹಿಡಿದ ಕಾವಲುಗಾರ. ಝುಂಬ ಆಗಲು ಯಾರೂ ಒಪ್ಪಲಿಲ್ಲ.

"ಹನುಮಸಾಗರ ಆಗಲಿ," ಎಂದೆ.

"ನಾ ಊರಿಗೆ ಹೊಂಟೀನ್ರಿ," ಎಂದಳು.

"ಹಾಸ್ಟೆಲಿನಲ್ಲಿ ಇರುವವರೆಗೆ ಹಾಸ್ಟೆಲಿನ ನಿಯಮ. ಗ್ಯಾದರಿಂಗಿನಲ್ಲಿ ಎಲ್ಲರೂ ಏನಾದರೂ ಮಾಡಲೇಬೇಕು. ನಿನ್ನ ತಂದೆ ಬರುವುದು ಮಧ್ಯಾಹ್ನ. ನಾಟಕ ಬೆಳಿಗ್ಗೆ."

ಕೊಂಬು ಬೇಕಲ್ಲ? ಎರಡು ಜಡೆ ಹಾಕಿ, ಒಳಗೆ ತಂತಿ ಸೇರಿಸಿ, ಕಿವಿಯ ಪಕ್ಕ ಸುರುಳಿ ಸುತ್ತಿದರೆ ಥೇಟು ಟಗರಿನ ಕೊಂಬು. ಆದರೆ ಅದನ್ನು ತನಗೆ ತಾನೇ ಹಾಕಿಕೊಳ್ಳಲು ಬರುವುದಿಲ್ಲ, ಹಾಕಿಕೊಡುವವರು ಯಾರೂ ಮುಂದೆ ಬರಲಿಲ್ಲ. ನಾನೇ ಕುಳಿತು ಹಾಕಿದೆ. ಅವಳು ಕಲ್ಲಿನ ಹಾಗೆ ಕುಳಿತಿದ್ದಳು. ಎರಡು ಹನಿ ನನ್ನ ಮೊಣಕಾಲ ಮೇಲೆ ಬಿದ್ದವು. ನಾನು ನೋಡದಂತೆ ಇದ್ದೆ. ಬೈತಲೆ ನೆಟ್ಟಗೆ ಬಂದಿತ್ತು.

ಅವಳ ತಂದೆ ಬೆಳಿಗ್ಗೆಯೇ ಬಂದುಬಿಟ್ಟರು. ಟ್ರಂಕು ಕಟ್ಟಲು ಹಗ್ಗದ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ, ಕಾರ್ಯದರ್ಶಿಗಳ ಪಕ್ಕ ಕುಳಿತರು.

ಪರದೆಯಾಗಿ ಕಟ್ಟಿದ್ದ ಹಾಸಿಗೆ ಚಾದರ ಸರಿಯಿತು. ಮೇಘಾಲಿ ಬಿಸ್ಕತ್ತಿನ ಹೊಳಪು ಕಾಗದದ ಕಿರೀಟ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಾಳೆ. ಝುಂಬ ಒಳಗೆ ಬಂದ.

"ಮೇಘಾಲಿ! ನಿನ್ನನ್ನು ಬೆಂಕಿಯ ಹೊಳೆ ದಾಟಿಸಿದವರು ಯಾರು?"

"ನೀನೇ, ಝುಂಬ."

"ರಾಕ್ಷಸರ ಕೋಟೆಯಿಂದ ಬಿಡಿಸಿದವರು ಯಾರು?"

"ನೀನೇ, ಝುಂಬ."

ಇಲ್ಲಿಯವರೆಗೆ ಅಭ್ಯಾಸ ಮಾಡಿದ್ದೇ. ಇಲ್ಲಿ ಝುಂಬ ನಿಂತುಬಿಟ್ಟ. ಗಂಗಾವತಿ ಪೊರಕೆಯ ಹಿಂದಿನಿಂದ ಮುಂದಿನ ಮಾತು ಹೇಳಿಕೊಟ್ಟಳು. ಝುಂಬ ಅದನ್ನು ಹೇಳಲಿಲ್ಲ.

"ನಾಲ್ಕು ವರ್ಷ ನಿನ್ನ ನೀರಿನ ಕೊಡ ಹೊತ್ತವರು ಯಾರು?"

ಮೇಘಾಲಿ ಗಾಬರಿಯಾಗಿ ಆಚೀಚೆ ನೋಡಿದಳು. "ಮೋಡದ ನಾಡಿನ್ಯಾಗ ಕೊಡ ಎಲ್ಲಿ ಬಂತು?"

"ಐತಿ! ಜ್ವರ ಬಂದಾಗ ನಿನ್ನ ಬೆನ್ನ ಮ್ಯಾಲ ಹೊತ್ಕೊಂಡು ದವಾಖಾನಿಗೆ ಹೋದವರು ಯಾರು? ಮತ್ತ ಆ ಶನಿವಾರ ನಿಮ್ಮ ಅತ್ತಿ ಕಾರು ತಗೊಂಡು ಬಂದ್ರಲ್ಲ..."

"ಕಾರಲ್ಲಲೇ, ರಥ!" ಎಂದು ಗಂಗಾವತಿ ಪಿಸುಗುಟ್ಟಿದಳು. ಹಿಂದಿನ ಸಾಲಿಗೂ ಕೇಳಿಸಿತು.

"ರಥ ತಗೊಂಡು ಬಂದ್ರಲ್ಲ, ಗೇಟಿನ ಮುಂದ ನಿಲ್ಲಿಸಿ ಕೇಳಿದ್ರಲ್ಲ, ಈಕಿ ಯಾರು ಅಂತ? ನಾ ನಿನ್ನ ಚೀಲ ಹಿಡಕೊಂಡು ನಿಂತಿದ್ದೆ. ಏನಂದಿ? ಇಲ್ಲಿ ಎಲ್ಲಾರ ಮುಂದ ಹೇಳು. ಏನಂದಿ?"

ಮೇಘಾಲಿ ಕಿರೀಟವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"'ನಮ್ಮ ಹಾಸ್ಟೆಲಿನ್ಯಾಗ ನೀರು ತರೂ ಆಳು' ಅಂದಿ," ಎಂದಳು ಝುಂಬ. ಅಷ್ಟು ಗಟ್ಟಿ ದನಿಯ ಹುಡುಗಿ, ಈ ಮಾತು ಮಾತ್ರ ಮೆಲ್ಲಗೆ ಬಂತು. ಹೇಳುವಾಗ ತಲೆ ಜೋರಾಗಿ ಅಲುಗಿ ಎಡಗಡೆಯ ಕೊಂಬು ಬಿಚ್ಚಿ ಜೋತು ಬಿತ್ತು.

ಕುಷ್ಟಗಿ ಸ್ಟೂಲಿನಿಂದ ಇಳಿದಳು. ಕಿರೀಟ ತೆಗೆದು ಗಂಗಾವತಿಯ ಕೈಗೆ ಕೊಟ್ಟಳು. ಹನುಮಸಾಗರದ ಹಿಂದೆ ಹೋಗಿ, ಜೋತಾಡುತ್ತಿದ್ದ ಜಡೆಯನ್ನು ಹಿಡಿದು ಮತ್ತೆ ಸುರುಳಿ ಸುತ್ತತೊಡಗಿದಳು. ತಂತಿ ಕೂರುತ್ತಿರಲಿಲ್ಲ.

"ಖರೆ. ಅಂದೆ," ಎಂದಳು. "ಅತ್ತಿ ಮಗಳು ಕಾರಿನ್ಯಾಗ ಕುಂತು ನಿನ್ನ ಲಂಗ ನೋಡಿ ನಗಾಕತ್ತಿದ್ಲು. ಗೆಳತಿ ಅಂದ್ರ ನನಗೂ ನಗ್ತಾಳ ಅಂತ ಅಂಜಿದೆ. ತಪ್ಪಾತು."

"ಕೇಳಸಲಿಲ್ಲ," ಎಂದಳು ಹನುಮಸಾಗರ.

"ತಪ್ಪಾತು!" ಎಂದು ಕುಷ್ಟಗಿ ಇಡೀ ಭಾಗ್ಯನಗರಕ್ಕೆ ಕೇಳುವಂತೆ ಕೂಗಿದಳು.

"ನಂದೂ ತಪ್ಪಾತು. ಮಂಚ ಎತ್ತಾಕ ಭಾಳ ವಜ್ಜಿ ಇತ್ತಲ್ಲ?"

"ಭಾಳ."

ಚಪ್ಪಾಳೆ ನಿಲ್ಲಲಿಲ್ಲ. ಹೊರಗಿನಿಂದ ಬಂದವರೆಲ್ಲ ಅದನ್ನು ನಾಟಕವೆಂದೇ ತಿಳಿದಿದ್ದರು. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು, "ಬರದವರು ಯಾರ್ರಿ? ಭಾಳ ಛಲೋ ಬರದಾರ," ಎಂದರು.

ಹನುಮಸಾಗರದ ತಂದೆ ಎದ್ದು ನಿಂತು ಹಗ್ಗ ಬಿಚ್ಚುತ್ತ ಕೇಳಿದರು, "ನಾಟಕ ಮುಗೀತಲ್ಲ, ಟ್ರಂಕ್ ಎಲ್ಲೈತವಾ?"

ಒಂದು ಕೊಂಬು ನೆಟ್ಟಗೆ, ಒಂದು ಕೊಂಬು ಸೊಟ್ಟಗೆ ಇಟ್ಟುಕೊಂಡ ಮಗಳು ಹೇಳಿದಳು: "ಟ್ರಂಕ್ ಇರಲಿ ಬಿಡಪಾ. ನೀ ಊಟ ಮಾಡ್ಕೊಂಡ ಹೋಗು."

ಬಾಗಿಲಲ್ಲಿ ನಿಂತಿದ್ದ ಆಯಿ ನನ್ನತ್ತ ನೋಡಿದಳು. "ನೋಡಿದ್ರಿಲ್ರೀ ಮೇಟ್ರನಕ್ಕಾರ? ಊಟಕ್ಕ ಕರದ್ರ ಮುಗೀತು. ಆ ಟಗರಪ್ಪಗ ಒಂದ ರೊಟ್ಟಿ ಕೊಟ್ಟಿದ್ರ ಅಂವ ಯಾಕ ಸುಡಾಕ ಹೋಗತಿದ್ದ?"

6. ಗುಡ್ಡ

ಧಾರಾವಾಹಿಯ ಕೊನೆಯ ಭಾನುವಾರ ಕರೆಂಟು ಹೋಗಲಿಲ್ಲ. ಅಂದು ಬೆಳಿಗ್ಗೆ ವಿದ್ಯುತ್ ಕಚೇರಿಯವರೇ ಫೋನು ಮಾಡಿದ್ದರು: "ಮೇಡಂ, ಇವತ್ತ ನಿಮ್ಮ ಲೈನ್ ತಗಿಯಂಗಿಲ್ರಿ. ಝುಂಬ ಈಗ ಹೆಂಗದಾನ್ರಿ?" ಅವರಿಗೆ ಪೂರ್ತಿ ವಿಷಯ ಇನ್ನೂ ತಿಳಿದಂತಿರಲಿಲ್ಲ. ನಾನೂ ಹೇಳಲಿಲ್ಲ. "ನೋಡಬೇಕು" ಎಂದೆ.

ಜಡೆಯ ಸಾಲು ಕೂತಿತ್ತು. ಕುಷ್ಟಗಿಯ ಹಿಂದೆ ಹನುಮಸಾಗರ. ನಾನು ಬಾಚಣಿಗೆ ಹಿಡಿದು ಹಿಂದೆ ಕುಳಿತಿದ್ದೆ, ಶಿಸ್ತಿಗಾಗಿ. ಯುದ್ಧವಾಯಿತು. ಮೇಘಾಲಿ ಮಂತ್ರದಂಡ ಬೀಸಿದಳು. ಝುಂಬನ ಕಣ್ಣಿನ ಕೆಂಪು ಆರಿತು. ಅವನು ಅವಳತ್ತ ಒಮ್ಮೆ ನೋಡಿದ, ಹಳೆಯ ನೋಟ, ಹೊಳೆ ದಾಟಿಸುವಾಗ ನೋಡುತ್ತಿದ್ದ ನೋಟ. ಆಮೇಲೆ ಕಾಲಿನಿಂದ ಶುರುವಾಗಿ ಕೊಂಬಿನವರೆಗೆ ಕಲ್ಲಾದ. ಒಂದು ಗುಡ್ಡವಾಗಿ ನಿಂತ. ಮೇಘಾಲಿ, "ಒಂದು ಕಾಲದಲ್ಲಿ ಅವನು ನನ್ನ ಗೆಳೆಯನಾಗಿದ್ದ" ಎಂದು ಹೇಳಿ, ತಿರುಗಿ, ಅರಮನೆಗೆ ಹೋಗಿ ಕಿರೀಟ ಇಟ್ಟುಕೊಂಡಳು. ಹಾಡು ಬಂತು. ಮುಗಿಯಿತು.

ಕುಷ್ಟಗಿ "ಯವ್ವಾ!" ಎಂದು ಚೀರಿದಳು. ಅವಳ ಜಡೆ ಹನುಮಸಾಗರದ ಮುಷ್ಟಿಯಲ್ಲಿತ್ತು.

"ತಪ್ಪಾತು ಅನ್ನಲೇ ಇಲ್ಲಲ್ರೀ ಅಕಿ!" ಎಂದಳು ಗಂಗಾವತಿ.

"ಮುಂದಿನ ವಾರ ಅಂತಾಳ," ಎಂದಳು ಯಲಬುರ್ಗಾ.

"ಮುಂದಿನ ವಾರ ಇಲ್ಲ. ಮುಗೀತು," ಎಂದಳು ಹನುಮಸಾಗರ.

ಎಲ್ಲರೂ ತಿರುಗಿ ನನ್ನತ್ತ ನೋಡಿದರು. ಬೇರೆ ಯಾರ ಹತ್ತಿರ ದೂರು ಹೇಳಬೇಕು? ಆಯಿ ಕಿಟಕಿಯ ಹೊರಗೆ ಕೊಪ್ಪಳದ ಗುಡ್ಡದ ಕಡೆ ಕೈ ತೋರಿಸಿದಳು. ಅದರ ತುದಿಯಲ್ಲಿ ಎರಡು ಗುಂಡುಗಲ್ಲುಗಳಿವೆ, ಸುರುಳಿ ಸುತ್ತಿದಂತೆಯೇ ಕಾಣುತ್ತವೆ. "ಇನ್ನ ಮ್ಯಾಲ ಆ ಗುಡ್ಡ ನೋಡಿದ್ರ ನನಗ ಕೂಳು ಇಳಿಯಂಗಿಲ್ಲ," ಎಂದಳು. ಅದಾದ ಮೇಲೆ ಎಷ್ಟೋ ವರ್ಷ ನಮ್ಮ ಹುಡುಗಿಯರು ಪರೀಕ್ಷೆಗೆ ಹೋಗುವಾಗ ಆ ಗುಡ್ಡಕ್ಕೆ ಕೈ ಮುಗಿದೇ ಹೋಗುತ್ತಿದ್ದರು. ಅವರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು ಹನುಮಸಾಗರ. ಕುಷ್ಟಗಿಗೆ ಪರೀಕ್ಷೆಯ ದಿನವೂ ಜ್ವರ; ಹೊತ್ತುಕೊಂಡು ಹೋದವಳು ಯಾರೆಂದು ಹೇಳಬೇಕಾಗಿಲ್ಲ.

ನಾನು ಕಾರ್ಟೂನ್ ನೋಡುವವಳಲ್ಲ. ಆದರೆ ನಾನು ಕುಕನೂರಿನ ಆ ಕಟ್ಟೆಯ ಮನೆಯವಳು. ಒಬ್ಬನ ಬೆನ್ನ ಮೇಲೆ ಕುಳಿತು ಬೆಂಕಿಯ ಹೊಳೆ ದಾಟಿ, ಅವನನ್ನು ಗುಡ್ಡವಾಗಿ ನಿಲ್ಲಿಸಿ, ಒಂದು ಮಾತೂ ಹೇಳದೆ ಎದ್ದುಹೋಗುವುದು ನಮ್ಮ ಮನೆಯ ಮುಂದೆ ನಡೆಯುವ ಮಾತಲ್ಲ. ಕರೆಂಟು ಹೋದ ಅರ್ಧ ತಾಸಿನಲ್ಲಿ ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ. ಕಣ್ಣು ಅಷ್ಟು ಕೆಂಪಗಾಗುವುದು ಸುಮ್ಮನೆ ಅಲ್ಲ.

ಮೇಘಾಲಿ ಎಂಬ ರಾಜಕುಮಾರಿ ಝುಂಬನ ಹತ್ತಿರ, ಎಲ್ಲರಿಗೂ ಕೇಳುವಂತೆ, ಕ್ಷಮೆ ಕೇಳಬೇಕು.